ಡಿಲನ್ ಮೊದಲು ಒಬ್ಬ ಅಭಿಮಾನಿ

(ಕೋಲಾರದಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹುಟ್ಟುಹಬ್ಬಕ್ಕೆ ಸೇರಿದ್ದ ಕೇಳುಗರ ಎದುರು ಆಡಿದ ಮಾತುಗಳ ಬರಹ ರೂಪ)

ನನಗಿಂತ ಮುಂಚೆ ಮಾತಾಡಿದವರೆಲ್ಲ ಡಿಲನ್ ತಮಗೆ ಹೇಗೆ ಸಿಕ್ಕಿದ ಅಂತ ಹೇಳಿದಿರಿ. ಒಬ್ಬರಿಗೆ ಅಣ್ಣ ಬೆಂಗಳೂರಿನಿಂದ ತಂದ ಕ್ಯಾಸೆಟ್ಟಿನಲ್ಲಿ, ಇನ್ನೊಬ್ಬರಿಗೆ 2016ರಲ್ಲಿ ನೊಬೆಲ್ ಬಂದ ಸುದ್ದಿ ಓದಿದ ಮೇಲೆ, ಮುಂದಿನ ಸಾಲಿನ ಈ ಹುಡುಗಿಗೆ ಈಚೆಗೆ ಬಂದ ಸಿನಿಮಾ ನೋಡಿ. ಹಿಂದೆ ಕೂತಿರುವ ಮೇಷ್ಟ್ರು ಮಾತ್ರ "ಆ ಗಂಟಲು ನನಗೆ ಇವತ್ತಿಗೂ ಹಿಡಿಸಿಲ್ಲ, ಆದ್ರೆ ಬಿಡೋಕೂ ಆಗಿಲ್ಲ" ಅಂದರು. ಜಾಸ್ತಿ ಚಪ್ಪಾಳೆ ಬಿದ್ದದ್ದು ಅವರಿಗೇ. ನ್ಯಾಯವಾಗಿಯೇ ಬಿತ್ತು.

ಹೊಗಳಿಕೆ ಸಾಕಷ್ಟಾಗಿದೆ. ನಾನು ಇನ್ನೊಂದಿಷ್ಟು ಸುರಿಯುವುದಿಲ್ಲ. ಅಭಿಮಾನದ ಬಗ್ಗೆಯೇ ಸ್ವಲ್ಪ ಮಾತಾಡೋಣ ಅಂತಿದ್ದೇನೆ, ಯಾಕಂದರೆ ಡಿಲನ್ ಹಾಡುಗಾರ ಆಗುವುದಕ್ಕೂ ಮೊದಲು ಒಬ್ಬ ಅಭಿಮಾನಿ. ಅದೂ ಸಾಧಾರಣ ಅಭಿಮಾನಿ ಅಲ್ಲ, ತನ್ನ ಹಾಡುಗಾರನ ಹಾಗೇ ಮಾತಾಡಿ, ಹಾಗೇ ಬಟ್ಟೆ ಹಾಕಿಕೊಂಡು, ಅವನ ಉಚ್ಚಾರವನ್ನೂ ಕದ್ದುಕೊಂಡ ಗೀಳಿನ ಅಭಿಮಾನಿ. ನಮ್ಮಲ್ಲಿ ಅಣ್ಣಾವ್ರ ಥರ ತಲೆ ಬಾಚಿಕೊಂಡು ಓಡಾಡುತ್ತಿದ್ದವರು ಎಷ್ಟು ಜನ ಇದ್ದರು! ಅಂಥವನೇ ಇವನೂ. ಅಂದಹಾಗೆ ಇವನನ್ನು ಏಕವಚನದಲ್ಲೇ ಕರೆಯುತ್ತೇನೆ. 80 ದಾಟಿದ ಹಿರಿಯ ನಿಜ. ಆದರೆ ನಾನು ಹೆಚ್ಚಾಗಿ ಹೇಳಬೇಕಿರುವುದು 19 ವರ್ಷದ ಒಬ್ಬ ಹುಡುಗನ ಕತೆ. ಬಹುವಚನ ಬಾಯಿಗೆ ಬರುವುದಿಲ್ಲ.

ಹುಟ್ಟಿದ್ದು 1941ರ ಮೇ 24, ಅಮೆರಿಕದ ಮಿನೆಸೋಟದ ಡುಲುತ್ ಊರಿನಲ್ಲಿ. ಹೆಸರು ರಾಬರ್ಟ್ ಝಿಮ್ಮರ್‌ಮನ್. ಬೆಳೆದದ್ದು ಹಿಬ್ಬಿಂಗ್ ಅನ್ನುವ ಊರಲ್ಲಿ. ಕೋಲಾರ ಜಿಲ್ಲೆಯವರಾದ ನಾವು ಈ ಹಿಬ್ಬಿಂಗ್ ಹೆಸರನ್ನು ಸುಮ್ನೆ ದಾಟಿಕೊಂಡು ಹೋಗಬಾರದು. ಅದು ಗಣಿ ಊರು. ನಮ್ಮದು ಚಿನ್ನ, ಅವರದು ಕಬ್ಬಿಣ. ನಮ್ಮವರು ಭೂಮಿಯೊಳಗೆ ಇಳಿದರು, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋದರು. ಅವರು ಮೇಲಿನಿಂದಲೇ ಬಗೆದರು. ಎಷ್ಟು ಬಗೆದರು ಅಂದರೆ ಊರಿನ ಕೆಳಗೇ ಅದಿರು ಇದೆ ಅಂತ ಗೊತ್ತಾದಾಗ ಊರನ್ನೇ ಎತ್ತಿ ಪಕ್ಕಕ್ಕಿಟ್ಟರು. 1919ರಿಂದ ಶುರುವಾಗಿ ವರ್ಷಗಟ್ಟಲೆ ಮನೆ, ಅಂಗಡಿ, ಹೋಟೆಲು ಎಲ್ಲವನ್ನೂ ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಬೇರೆ ಕಡೆಗೆ ಸಾಗಿಸಿದರು. ಡಿಲನ್‌ನ ಅಪ್ಪ ಆ ಊರಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ನೋಡಿಕೊಳ್ಳುತ್ತಿದ್ದ. ಗಣಿಯಲ್ಲಿ ಕೂಲಿ ಸರಿಯಾಗಿ ಬಿದ್ದರೆ ಅಂಗಡಿಯಲ್ಲಿ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಇಟ್ಟವರ ಮಕ್ಕಳಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಹುಡುಗ ಕಾಲೇಜಿಗೆ ಅಂತ ಮಿನಿಯಾಪೊಲಿಸ್‌ಗೆ ಹೋದ. ಓದಲಿಲ್ಲ. ಅಲ್ಲಿ ಅವನ ಕಿವಿಗೆ ಬಿದ್ದವನು ವುಡಿ ಗತ್ರಿ. ಓಕ್ಲಹೋಮದವನು. ಬರಗಾಲ, ಧೂಳು, ಗುಳೆ, ರೈಲಿನ ಗೂಡ್ಸ್ ಡಬ್ಬಿ, ಕೂಲಿಗಳ ಮುಷ್ಕರ, ಇವುಗಳ ಮೇಲೆ ಹಾಡು ಕಟ್ಟಿಕೊಂಡು ಊರೂರು ತಿರುಗಿದವನು. ಇವನು ಅವನ ಆತ್ಮಕಥೆ ಓದಿದ, ಸಿಕ್ಕ ಹಾಡನ್ನೆಲ್ಲ ಬಾಯಿಪಾಠ ಮಾಡಿದ. ಆಮೇಲೆ ಅವನನ್ನು ನೋಡಲೇಬೇಕು ಅಂತ 1961ರ ಜನವರಿ ಚಳಿಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ. ಆ ಹೊತ್ತಿಗೆ ಗತ್ರಿ ಹಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹಂಟಿಂಗ್ಟನ್ ಅನ್ನುವ ನರದ ಕಾಯಿಲೆ. ಕೈಕಾಲು ಹಿಡಿತದಲ್ಲಿ ಇರುವುದಿಲ್ಲ, ಮಾತು ಹೋಗುತ್ತದೆ. ನ್ಯೂಜೆರ್ಸಿಯ ಗ್ರೇಸ್ಟೋನ್ ಪಾರ್ಕ್ ಅನ್ನುವ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಈ ಹುಡುಗ ಗಿಟಾರು ತಗೊಂಡು ಹೋಗಿ ಹಾಸಿಗೆ ಪಕ್ಕ ಕೂತು ಗತ್ರಿಯ ಹಾಡುಗಳನ್ನು ಗತ್ರಿಗೇ ಹಾಡಿ ತೋರಿಸುತ್ತಿದ್ದ.

ಸ್ವಲ್ಪ ಯೋಚನೆ ಮಾಡಿ. ಆಟೋಗ್ರಾಫ್ ಕೊಡೋಕೂ ಕೈ ಬಾರದ ಮನುಷ್ಯ. ಅವನಿಂದ ಅಭಿಮಾನಿಗೆ ಏನೂ ಸಿಗುವುದಿಲ್ಲ. ಕೊಡಬೇಕಾದವನು ಅಭಿಮಾನಿಯೇ. ಈ ಹುಡುಗ ಕೊಟ್ಟ. ಅವನದೇ ಹಾಡುಗಳನ್ನು ಅವನಿಗೆ ತಿರುಗಿ ಕೊಟ್ಟ.

ಆಮೇಲೆ ಅವನ ಮೇಲೇ ಒಂದು ಹಾಡು ಬರೆದ. 1962ರಲ್ಲಿ ಬಂದ ಡಿಲನ್‌ನ ಮೊದಲನೇ ರೆಕಾರ್ಡಿನಲ್ಲಿ 13 ಹಾಡು. ಸ್ವಂತದ್ದು ಎರಡೇ ಎರಡು. ಅದರಲ್ಲಿ ಒಂದು ಇದು. ಈಗ ನಾನು ಹೇಳಬೇಕು ಅಂತ ಬಂದ ವಿಷಯಕ್ಕೆ ಬಂದೆ. ಆ ಹಾಡಿನ ಮಟ್ಟು ಡಿಲನ್‌ದು ಅಲ್ಲ. ಗತ್ರಿಯದೇ ಒಂದು ಹಾಡಿನ ಮಟ್ಟು. ಆ ಹಾಡು ಯಾವುದರ ಮೇಲೆ ಗೊತ್ತಾ? 1913ರ ಕ್ರಿಸ್ಮಸ್ ಹಿಂದಿನ ದಿನ, ಮಿಷಿಗನ್‌ನ ಕ್ಯಾಲುಮೆಟ್ ಅನ್ನುವ ತಾಮ್ರದ ಗಣಿ ಊರಿನಲ್ಲಿ ಮುಷ್ಕರ ನಡೆಯುತ್ತಿತ್ತು. ಕೂಲಿಗಳ ಮಕ್ಕಳಿಗೆ ಅಂತ ಒಂದು ಹಾಲ್‌ನಲ್ಲಿ ಹಬ್ಬ ಮಾಡುತ್ತಿದ್ದರು. ಯಾರೋ ಬೆಂಕಿ ಅಂತ ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲ ಮೇಲೆ ನೂಕುನುಗ್ಗಲು ಆಗಿ 73 ಜನ ಸತ್ತರು, ಅದರಲ್ಲಿ ಹೆಚ್ಚಿನವರು ಮಕ್ಕಳು. ಆ ಮಕ್ಕಳ ಸಾವನ್ನು ಗತ್ರಿ ಯಾವ ಮಟ್ಟಿನಲ್ಲಿ ಹಾಡಿದ್ದನೋ ಅದೇ ಮಟ್ಟನ್ನು ತಗೊಂಡು, ಗಣಿ ಊರಿನಿಂದ ಬಂದ ಹುಡುಗ ಗತ್ರಿಗೆ ನಮಸ್ಕಾರ ಹೇಳಿದ. ಇದು ಕದ್ದದ್ದು ಅಂತ ಅನ್ನುವವರು ಇದ್ದಾರೆ. ಇರಲಿ.

ನಮಗೆ ಇದು ಹೊಸದಲ್ಲ. ನಮ್ಮ ಊರುಗಳ ಭಜನೆ ಪುಸ್ತಕ ತೆಗೆದು ನೋಡಿ, ಹಾಡಿನ ತಲೆ ಮೇಲೆ ಇಂಥ ಹಾಡಿನ ಮಟ್ಟು ಅಂತ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಪಕ್ಕದ ತುಮಕೂರಿನ ಗುಬ್ಬಿಯಿಂದ ಹೊರಟ ನಾಟಕ ಕಂಪನಿ ಇರಬಹುದು, ಬೇರೆ ಕಂಪನಿಗಳಿರಬಹುದು, ಮರಾಠಿ, ಪಾರ್ಸಿ, ತೆಲುಗು ನಾಟಕಗಳ ಮಟ್ಟುಗಳಿಗೆ ಕನ್ನಡ ಮಾತು ಕೂರಿಸಿಕೊಂಡೇ ಬೆಳೆದವು. ಹಳ್ಳಿ ನಾಟಕದ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಮಾಡುತ್ತಿದ್ದ ಕೆಲಸವೇ ಅದು. ಮೂಲ ಹಾಡು ಗೊತ್ತಿರುವವನಿಗೆ ಹೊಸ ಹಾಡು ಕೇಳುವಾಗ ಹಳೆಯದೂ ಒಳಗೆ ಕೇಳಿಸುತ್ತಿರುತ್ತದೆ. ಡಿಲನ್‌ನ ತುಂಬ ಹೆಸರು ಮಾಡಿದ ಹಾಡಿದೆಯಲ್ಲ, ಗಾಳಿಯಲ್ಲಿ ಉತ್ತರ ಹುಡುಕುವ ಹಾಡು, 1962ರಲ್ಲಿ ಬರೆದದ್ದು? ಅದರ ಮಟ್ಟಿನ ಬೇರು ಗುಲಾಮಗಿರಿ ಕಳಚಿಕೊಂಡ ಕರಿಯರು ಹಾಡುತ್ತಿದ್ದ ಹಾಡಿನಲ್ಲಿದೆ. ನಮ್ಮನ್ನು ಇನ್ನು ಹರಾಜಿನ ಕಟ್ಟೆ ಮೇಲೆ ನಿಲ್ಲಿಸುವ ಹಾಗಿಲ್ಲ ಅಂತ ಹಾಡಿದ ಹಾಡು ಅದು. ಡಿಲನ್ ಇದನ್ನು ತಾನೇ ಹೇಳಿಕೊಂಡಿದ್ದಾನೆ. ಅದು ಗೊತ್ತಾದ ಮೇಲೆ ಆ ಹಾಡಿನ ಪ್ರಶ್ನೆಗಳು ಬೇರೆಯಾಗಿ ಕೇಳಿಸುತ್ತವೆ.

ಇಲ್ಲಿ ಒಂದು ಮಾತು, ವಿಷಯಕ್ಕೆ ಸ್ವಲ್ಪ ಆಚೆಯದು. ಇಂಗ್ಲಿಷ್ ಹಾಡು ನಮಗೆ ಯಾಕೆ ಅಂತ ಬಾಗಿಲಲ್ಲಿ ಒಬ್ಬರು ಕೇಳಿದರು. ಸಾರ್, ನಾವು ಕೈವಾರದ ಹತ್ತಿರದವರು. ಬಳೆ ಮಾರುತ್ತಿದ್ದ ನಾರಣಪ್ಪ ಹಾಡು ಕಟ್ಟಿ ಕೈವಾರ ತಾತಯ್ಯ ಆದ ಜಾಗ ಅದು. ತಾತಯ್ಯನ ಪದಗಳು ಹೆಚ್ಚಿನವು ತೆಲುಗಿನಲ್ಲಿವೆ, ಕೆಲವು ಕನ್ನಡದಲ್ಲಿ. ತೆಲುಗು ಓದೋಕೆ ಬಾರದ ಅಜ್ಜಿಯರು ಅವನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದಾರೆ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ನಿಲ್ಲದೆ ಸಂಗೀತ ನಡೆಯುತ್ತದೆ, ಯಾವ ಭಾಷೆ ಅಂತ ಯಾರೂ ಬಾಗಿಲಲ್ಲಿ ನಿಂತು ಕೇಳುವುದಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು. ಇಂಥ ಜಿಲ್ಲೆಯವರಿಗೆ ಇನ್ನೊಂದು ಭಾಷೆಯ ಹಾಡು ಭಾರವಾಗುತ್ತದಾ?

ಸರಿ, ಹಿಬ್ಬಿಂಗ್‌ಗೆ ವಾಪಸ್ ಹೋಗೋಣ. 1964ರ ಜನವರಿಯಲ್ಲಿ ಬಂದ ಮೂರನೇ ರೆಕಾರ್ಡಿನಲ್ಲಿ ನಾರ್ತ್ ಕಂಟ್ರಿ ಬ್ಲೂಸ್ ಅಂತ ಒಂದು ಹಾಡಿದೆ. ಅಷ್ಟು ಹೆಸರಾದದ್ದಲ್ಲ. ಇವತ್ತು ಮಾತಾಡಿದವರಲ್ಲಿ ಒಬ್ಬರೂ ಅದರ ಹೆಸರು ತೆಗೆಯಲಿಲ್ಲ. ನನ್ನನ್ನು ಕೇಳಿದರೆ ಕೋಲಾರದವರು ಡಿಲನ್‌ನನ್ನು ಶುರು ಮಾಡಬೇಕಾದದ್ದೇ ಅಲ್ಲಿಂದ. ಕಬ್ಬಿಣದ ಗಣಿ ಊರು. ಹಾಡುತ್ತಿರುವುದು ಗಂಡಸಿನ ದನಿ, ಹಾಗಾಗಿ ಯಾರೋ ಗಣಿ ಕೂಲಿ ಹೇಳುತ್ತಿದ್ದಾನೆ ಅಂದುಕೊಂಡು ಕೇಳುತ್ತಾ ಹೋಗುತ್ತೀರಿ. ನಡುವಿನಲ್ಲಿ ಗೊತ್ತಾಗುತ್ತದೆ, ಹೇಳುತ್ತಿರುವವಳು ಹೆಂಗಸು. ಗಣಿ ಅವಳಿಂದ ಅಪ್ಪನನ್ನು ತಗೊಂಡಿದೆ, ಅಣ್ಣನನ್ನು ತಗೊಂಡಿದೆ. ಓದು ಬಿಟ್ಟು ಒಬ್ಬ ಗಣಿ ಕೂಲಿಯನ್ನೇ ಮದುವೆ ಆಗಿದ್ದಾಳೆ, ಮೂರು ಮಕ್ಕಳು. ಆಮೇಲೆ ಕಂಪನಿಯವರು ಬಂದು ಹೇಳುತ್ತಾರೆ, ನಿಮ್ಮ ಅದಿರು ದುಬಾರಿ, ದಕ್ಷಿಣ ಅಮೆರಿಕದಲ್ಲಿ ಪುಕ್ಕಟೆ ಅನ್ನುವಷ್ಟು ಕಡಿಮೆ ಕೂಲಿಗೆ ಜನ ತೋಡಿ ಕೊಡುತ್ತಾರೆ ಅಂತ. ಗಣಿ ಮುಚ್ಚುತ್ತದೆ. ಗಂಡ ಕುಡಿತಕ್ಕೆ ಬಿದ್ದು ಒಂದು ದಿನ ಹೇಳದೆ ಹೊರಟುಹೋಗುತ್ತಾನೆ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಮಕ್ಕಳು ದೊಡ್ಡವರಾದ ತಕ್ಷಣ ಹೋಗುತ್ತಾರೆ, ಅವರನ್ನು ಹಿಡಿದಿಟ್ಟುಕೊಳ್ಳೋಕೆ ಇಲ್ಲಿ ಏನೂ ಉಳಿದಿಲ್ಲ ಅನ್ನುವಲ್ಲಿಗೆ ಹಾಡು ಮುಗಿಯುತ್ತದೆ.

ಬರೆದಾಗ ಅವನಿಗೆ 22 ವರ್ಷ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೇ ನಂಬಿಕೆ ಬರುವುದಿಲ್ಲ.

ಈಗ ನಮ್ಮ ಲೆಕ್ಕ ನೋಡಿ. 1880ರಲ್ಲಿ ಕೆಜಿಎಫ್‌ಗೆ ಜಾನ್ ಟೇಲರ್ ಅನ್ನುವ ಬ್ರಿಟಿಷ್ ಗಣಿ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಬೆಂಗಳೂರಿಗಿಂತ ಮುಂಚೆ. ಕ್ಲಬ್ಬು, ಡ್ಯಾನ್ಸು, ಪಿಯಾನೋ, ಚಿಕ್ಕ ಇಂಗ್ಲೆಂಡ್ ಅನ್ನುತ್ತಿದ್ದರು. ಆಳಕ್ಕೆ ಇಳಿದ ಹಾಗೆಲ್ಲ ಅದಿರಿನಲ್ಲಿ ಚಿನ್ನ ಕಡಿಮೆ ಆಯಿತು, ತೆಗೆಯುವ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಆಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಈಗ ಬೆಳಗಿನ ಜಾವ, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಮಾರಿಕುಪ್ಪಂ ರೈಲು ಹತ್ತಿ ನೋಡಿ, ಆ ಹಾಡಿನ ಕೊನೆ ಸಾಲು ಪ್ಯಾಸೆಂಜರ್ ಗಾಡಿಯಲ್ಲಿ ಕಾಲಿಡಲು ಜಾಗ ಇಲ್ಲದ ಹಾಗೆ ನಿಂತಿರುತ್ತದೆ. ಒಂದು ವ್ಯತ್ಯಾಸ ಇದೆ, ಅದನ್ನೂ ಹೇಳಬೇಕು. ಹಿಬ್ಬಿಂಗ್‌ನಲ್ಲಿ ಒಳ್ಳೆ ಅದಿರು ಮುಗಿದ ಮೇಲೆ ಟಾಕೊನೈಟ್ ಅನ್ನುವ ಕಡಿಮೆ ದರ್ಜೆಯ ಕಲ್ಲಿನಿಂದ ಕಬ್ಬಿಣ ತೆಗೆಯುವುದು ಕಲಿತರು, ಗಣಿ ಪೂರ್ತಿ ಸಾಯಲಿಲ್ಲ. ಹಾಡಿನಲ್ಲಿ ಸತ್ತಿದೆ. ನಿಜವಾಗಿ ಸತ್ತದ್ದು ನಮ್ಮಲ್ಲಿ. ನಮಗೆ ಉಳಿದದ್ದು ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬ.

ಇನ್ನೊಂದು ಹಾಡು, ಅದೇ ರೆಕಾರ್ಡಿನದು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿ ಆದರೆ ಬೇಜಾರು ಮಾಡಿಕೊಳ್ಳಬೇಡಿ. 1963ರ ಫೆಬ್ರವರಿ, ಬಾಲ್ಟಿಮೋರ್ ನಗರದ ಒಂದು ಹೋಟೆಲಿನ ಪಾರ್ಟಿ. ಹ್ಯಾಟಿ ಕ್ಯಾರೊಲ್ ಅಂತ 51 ವರ್ಷದ ಕರಿಯ ಹೆಂಗಸು, ಅಲ್ಲಿ ಡ್ರಿಂಕ್ಸ್ ಕೊಡುವ ಕೆಲಸದವಳು, ಮಕ್ಕಳೊಂದಿಗಳು. ಹೊಗೆಸೊಪ್ಪಿನ ತೋಟದ ಶ್ರೀಮಂತ ಮನೆಯ 24ರ ಹುಡುಗ ಕುಡಿದು, ಡ್ರಿಂಕ್ಸ್ ತರುವುದು ತಡವಾಯಿತು ಅಂತ ಬೈದು ಬೆತ್ತದಲ್ಲಿ ಹೊಡೆದ. ಅವಳು ಸತ್ತುಹೋದಳು. ಅವನಿಗೆ ಕೊಟ್ಟ ಶಿಕ್ಷೆ ಆರು ತಿಂಗಳು. ಶಿಕ್ಷೆ ಹೇಳಿದ ದಿನ ಆಗಸ್ಟ್ 28, ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ ದಿನವೇ. ಅದೇ ವೇದಿಕೆ ಮೇಲೆ ಅವತ್ತು ಡಿಲನ್ ಕೂಡ ಹಾಡಿದ್ದ.

ಅವನು ಆ ಪೇಪರ್ ಸುದ್ದಿಯನ್ನು ಹಾಡು ಮಾಡಿದ ರೀತಿ ಗಮನಿಸಿ. ಹೊಡೆತ ಹೇಳುತ್ತಾನೆ, ಅಳಬೇಡಿ ಅನ್ನುತ್ತಾನೆ. ಹುಡುಗನ ಮನೆತನ ಹೇಳುತ್ತಾನೆ, ಈಗಲೂ ಅಳಬೇಡಿ ಅನ್ನುತ್ತಾನೆ. ಅವಳು ಹೇಗೆ ಮೇಜು ಒರೆಸುತ್ತಿದ್ದಳು, ಬೂದಿ ಬಟ್ಟಲು ಖಾಲಿ ಮಾಡುತ್ತಿದ್ದಳು ಅಂತ ಹೇಳುತ್ತಾನೆ, ಇನ್ನೂ ಅಳಬೇಡಿ. ಜಡ್ಜು ಕುರ್ಚಿಯಲ್ಲಿ ಕೂತು ಆರು ತಿಂಗಳು ಅಂದ ಮೇಲೆ, ಹಾ, ಈಗ ಅಳಿ ಅನ್ನುತ್ತಾನೆ. ಅವಳು ಕರಿಯಳು ಅಂತಾಗಲೀ ಅವನು ಬಿಳಿಯ ಅಂತಾಗಲೀ ಇಡೀ ಹಾಡಿನಲ್ಲಿ ಒಂದು ಕಡೆಯೂ ಇಲ್ಲ. ಯಾಕೆ ಹೇಳಬೇಕು? ಕೇಳುವವರಿಗೆಲ್ಲ ಗೊತ್ತಲ್ಲ.

ಇಲ್ಲಿ ಕೂತು ಈ ಹಾಡು ಕೇಳಿದರೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ನೆನಪಾಗದೆ ಇರುವುದಿಲ್ಲ. 2000ರ ಮಾರ್ಚ್ 11. ಆಗ ಚಿಂತಾಮಣಿ ನಮ್ಮ ಜಿಲ್ಲೆಯಲ್ಲೇ ಇತ್ತು. ಮನೆಯೊಳಗಿದ್ದ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆ ಆದರು. ಯಾವಾಗ ಅಳಬೇಕು ಅನ್ನುವುದು ಈ ಜಿಲ್ಲೆಗೂ ಬಂದಿರುವ ಪ್ರಶ್ನೆ. ಇಷ್ಟು ಸಾಕು, ಇದರ ಮೇಲೆ ನಾನು ಭಾಷಣ ಮಾಡುವುದಿಲ್ಲ.

ಇಷ್ಟು ಬರೆದವನನ್ನು ಅವನ ಅಭಿಮಾನಿಗಳು ಏನು ಮಾಡಿದರು ಅಂತ ಈಗ ನೋಡೋಣ. ಇದು ತಮಾಷೆಯೂ ಹೌದು, ಸಂಕಟವೂ ಹೌದು. ಅವರಿಗೆ ಒಂದು ಡಿಲನ್ ಬೇಕಿತ್ತು. ಮರದ ಗಿಟಾರು, ಬಾಯಿ ಹಾರ್ಮೋನಿಕಾ, ಹರಿದ ಅಂಗಿ, ಹೋರಾಟದ ಹಾಡು. 1965ರ ಜುಲೈ 25ಕ್ಕೆ ನ್ಯೂಪೋರ್ಟ್ ಜಾನಪದ ಹಬ್ಬದಲ್ಲಿ ಅವನು ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು, ಬ್ಯಾಂಡು ಕಟ್ಟಿಕೊಂಡು ಬಂದ. ಮೂರು ಹಾಡು. ಜನ ಕೂಗಾಡಿದರು. ಸೌಂಡ್ ಸರಿ ಇರಲಿಲ್ಲ ಅಂತ ಕೂಗಿದರೋ, ಅಷ್ಟು ಬೇಗ ಮುಗಿಸಿದ ಅಂತ ಕೂಗಿದರೋ, ದ್ರೋಹ ಅಂತ ಕೂಗಿದರೋ, ಇವತ್ತಿಗೂ ಜಗಳ ಬಗೆಹರಿದಿಲ್ಲ. ಮುಂದಿನ ವರ್ಷ ಮೇ 17ಕ್ಕೆ ಮ್ಯಾಂಚೆಸ್ಟರ್‌ನಲ್ಲಿ ಆದದ್ದಕ್ಕೆ ಮಾತ್ರ ಸಾಕ್ಷಿ ಇದೆ, ಟೇಪ್ ಇದೆ. ಎರಡು ಹಾಡಿನ ನಡುವೆ ಒಬ್ಬ ಎದ್ದು ಜೂಡಾಸ್ ಅಂತ ಕೂಗಿದ. ಏಸುವನ್ನು ಹಿಡಿದುಕೊಟ್ಟವನ ಹೆಸರು. ಡಿಲನ್ ಮೈಕಿನಲ್ಲಿ, ನಿನ್ನನ್ನು ನಾನು ನಂಬುವುದಿಲ್ಲ, ನೀನು ಸುಳ್ಳುಗಾರ ಅಂದ. ಬ್ಯಾಂಡಿನ ಕಡೆ ತಿರುಗಿ ಜೋರಾಗಿ ಬಾರಿಸಿ ಅಂದ. ಬಾರಿಸಿದರು.

ಟಿಕೆಟ್ ತಗೊಂಡು ಬಂದು ಕೂಗುತ್ತಾರೆ ನೋಡಿ! ದ್ವೇಷಿಸುವವನು ದುಡ್ಡು ಕೊಟ್ಟು ಬರುವುದಿಲ್ಲ. ಬಂದದ್ದು ಅಭಿಮಾನಿಯೇ. ತನ್ನ ಮನಸ್ಸಿನಲ್ಲಿದ್ದ ಪಟಕ್ಕೂ ವೇದಿಕೆ ಮೇಲಿದ್ದ ಮನುಷ್ಯನಿಗೂ ಹೊಂದಲಿಲ್ಲ ಅಂತ ಅವನಿಗೆ ಸಿಟ್ಟು. ಈ ಗಲಾಟೆ ಓದುವಾಗೆಲ್ಲ ನನಗೆ ನಮ್ಮ ತಮಟೆ ನೆನಪಾಗುತ್ತದೆ. ಸಭೆಯ ವೇದಿಕೆ ಮೇಲೆ ಇಷ್ಟು ಸದ್ದಿನ ವಾದ್ಯ ಯಾಕೆ ಅಂತ ಮೂಗು ಮುರಿದವರನ್ನು ನೀವೂ ನೋಡಿದ್ದೀರಿ. ಮೂಗು ಮುರಿದದ್ದು ಸದ್ದಿಗೋ ಬಾರಿಸುವವರ ಜಾತಿಗೋ ಅದು ಅವರಿಗೇ ಗೊತ್ತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಆಮೇಲೆ ಎಲ್ಲರಿಗೂ ತಮಟೆ ನಮ್ಮ ಹೆಮ್ಮೆ ಆಯಿತು. ಆಗಲಿ, ಸಂತೋಷವೇ.

ಡಿಲನ್ ಅಲ್ಲಿಗೂ ನಿಲ್ಲಲಿಲ್ಲ. 1979ರಲ್ಲಿ ಕ್ರೈಸ್ತ ಭಕ್ತಿಗೆ ಹೊರಳಿ, ಸಾನ್ ಫ್ರಾನ್ಸಿಸ್ಕೋದಲ್ಲಿ ರಾತ್ರಿಗಟ್ಟಲೆ ಬರೀ ಭಕ್ತಿಗೀತೆ ಹಾಡಿದ. ಹಳೆ ಹಾಡು ಒಂದೂ ಇಲ್ಲ. 2015ರಿಂದ 2017ರ ನಡುವೆ ಫ್ರಾಂಕ್ ಸಿನಾತ್ರ ಅನ್ನುವ ಹಾಡುಗಾರನ ಕಾಲದ ಹಳೆ ಹಾಡುಗಳನ್ನೇ ಹಾಡಿ ರೆಕಾರ್ಡ್ ತಂದ. ಇವತ್ತಿಗೂ ಹಳೆ ಹಾಡು ಹಾಡಿದರೆ ಮಟ್ಟು ಬದಲಾಯಿಸಿ ಹಾಡುತ್ತಾನೆ, ಅರ್ಧ ಹಾಡು ಆದ ಮೇಲೆ ಜನಕ್ಕೆ, ಓ ಇದು ಆ ಹಾಡು, ಅಂತ ಗೊತ್ತಾಗುತ್ತದೆ. ಹಿಂದೆ ಕೂತಿರುವ ಮೇಷ್ಟ್ರಿಗೆ ಗಂಟಲು ಹಿಡಿಸಲಿಲ್ಲವಲ್ಲ, ಮೇಷ್ಟ್ರೇ, ನಿಮಗೆ ಹಿಡಿಸದ ಗಂಟಲು ಯಾವ ವರ್ಷದ್ದು? 1963ರದ್ದು ಒಂದು, 1969ರಲ್ಲಿ ಬೆಣ್ಣೆ ಹಚ್ಚಿದ ಹಾಗೆ ಹಾಡಿದ್ದಾನಲ್ಲ ಅದು ಇನ್ನೊಂದು, ಮುದುಕನಾದ ಮೇಲಿನ ಗರಗರ ದನಿ ಮತ್ತೊಂದು. ಯಾವುದಾದರೂ ಒಂದು ಹಿಡಿಸೀತು, ಹುಡುಕಿ.

ಹೀಗೆ ಕಟ್ಟಿಹಾಕಲು ನೋಡಿದ ಅಭಿಮಾನಿಗಳಲ್ಲಿ ಅತಿರೇಕದವನು ಒಬ್ಬನಿದ್ದ. ನ್ಯೂಯಾರ್ಕಿನಲ್ಲಿ ಡಿಲನ್ ಮನೆ ಮುಂದಿನ ಕಸದ ಡಬ್ಬಿ ಕೆದಕಿ, ಸಿಕ್ಕ ಚೀಟಿ ಚೂರುಗಳಲ್ಲಿ ಹಾಡಿನ ಒಳಾರ್ಥ ಹುಡುಕುತ್ತಿದ್ದ. ಅದನ್ನೇ ಒಂದು ಶಾಸ್ತ್ರ ಅಂತ ಬೇರೆ ಹೇಳಿಕೊಂಡ. ನಗಬೇಡಿ, ಹೀರೋ ಮನೆ ಗೇಟಿನ ಮುಂದೆ ರಾತ್ರಿ ಎಲ್ಲ ನಿಂತವರು ನಮ್ಮಲ್ಲೂ ಇದ್ದಾರೆ.

ಟೇಪ್ ಹಂಚಿಕೊಂಡವರದು ಬೇರೆ ಜಾತಿ. ಕಂಪನಿ ಹೊರಗೆ ಬಿಡದ ಹಾಡುಗಳನ್ನು 1969ರಲ್ಲಿ ಯಾರೋ ಕದ್ದು ರೆಕಾರ್ಡ್ ಹಾಕಿ ಬರೀ ಬಿಳಿ ರಟ್ಟಿನಲ್ಲಿ ಮಾರಿದರು. ಆಮೇಲೆ ದೇಶದೇಶಗಳಲ್ಲಿ ಅಭಿಮಾನಿಗಳು ಕ್ಯಾಸೆಟ್ಟಿಗೆ ಕ್ಯಾಸೆಟ್ ಅದಲುಬದಲು ಮಾಡಿಕೊಂಡರು. ಆ ಮ್ಯಾಂಚೆಸ್ಟರ್ ಟೇಪ್ ವರ್ಷಾನುಗಟ್ಟಲೆ ಲಂಡನ್‌ನ ಕಾರ್ಯಕ್ರಮ ಅಂತ ತಪ್ಪು ಹೆಸರಿನಲ್ಲಿ ಕೈಯಿಂದ ಕೈಗೆ ಹೋಯಿತು, 1998ರಲ್ಲಿ ಕಂಪನಿಯೇ ಬಿಡುಗಡೆ ಮಾಡಿತು. ಕಾನೂನಿನ ಪ್ರಕಾರ ಇದು ಕಳ್ಳತನವೇ, ಅನುಮಾನ ಇಲ್ಲ. ಆದರೆ ಅವರು ಹಾಗೆ ಇಟ್ಟುಕೊಳ್ಳದೆ ಇದ್ದಿದ್ದರೆ ಎಷ್ಟೋ ಹಾಡಿಗೆ ಇಷ್ಟು ಬೇಗ ಬೆಳಕು ಕಾಣುವ ಯೋಗ ಇರಲಿಲ್ಲ ಅಂತ ನನ್ನ ಅನಿಸಿಕೆ.

ನಾನು ನಿಜವಾಗಿ ಹೊಟ್ಟೆಕಿಚ್ಚು ಪಡುವುದು ಹಾಡನ್ನು ತಮ್ಮ ಗಂಟಲಿಗೆ ತಗೊಂಡವರ ಮೇಲೆ. ಶಿಲ್ಲಾಂಗ್‌ನಲ್ಲಿ ಲೂ ಮಜಾವ್ ಅಂತ ಒಬ್ಬರಿದ್ದಾರೆ. 1972ರಿಂದ ಪ್ರತಿ ಮೇ 24ಕ್ಕೆ ಡಿಲನ್ ಹುಟ್ಟುಹಬ್ಬ ಮಾಡಿಕೊಂಡು ಬಂದವರು. ಡಿಲನ್ ಬಂದು ನೋಡಲಿ ಅಂತ ಕಾದು ಕೂರಲಿಲ್ಲ, ಹಾಡುತ್ತಾ ಹೋದರು. ನಾವು ಇವತ್ತು ಇಲ್ಲಿ ಸೇರಿರುವುದಕ್ಕೂ ಅವರೇ ದಾರಿ ತೋರಿಸಿದ್ದು. ಬಂಗಾಳದ ಪೂರ್ಣದಾಸ ಬಾವುಲ್ ಮತ್ತು ಲಕ್ಷ್ಮಣ ದಾಸ್ 1967ರ ರೆಕಾರ್ಡ್ ಒಂದರ ರಟ್ಟಿನ ಮೇಲೆ ಡಿಲನ್‌ನ ಅಕ್ಕಪಕ್ಕ ನಿಂತಿದ್ದಾರೆ, ಮನೆಗೆ ಹೋಗಿ ಫೋನಿನಲ್ಲಿ ಹುಡುಕಿ ನೋಡಿ. ನಮ್ಮ ತತ್ವಪದಕಾರರ ಪಕ್ಕದ ಮನೆಯವರು ಅವರು, ಏಕತಾರಿಯವರು. ಜಿಮಿ ಹೆಂಡ್ರಿಕ್ಸ್ ಡಿಲನ್‌ನ ಒಂದು ಹಾಡನ್ನು 1968ರಲ್ಲಿ ಗಿಟಾರಿನಲ್ಲಿ ಸಿಡಿಲು ಹೊಡೆಸಿ ಹಾಡಿದ. ಆಮೇಲೆ ಡಿಲನ್ ತನ್ನ ಹಾಡನ್ನೇ ಹೆಂಡ್ರಿಕ್ಸ್ ದಾರಿಯಲ್ಲಿ ಹಾಡೋಕೆ ಶುರು ಮಾಡಿದ. ಬರೆದವನು ಅಭಿಮಾನಿಯಿಂದ ಹಾಡು ವಾಪಸ್ ತಗೊಂಡ!

ಪ್ಯಾಟಿ ಸ್ಮಿತ್ ವಿಷಯ ಹೇಳದೆ ಮುಗಿಸೋಕೆ ಆಗುವುದಿಲ್ಲ. 2016ರ ಡಿಸೆಂಬರ್ 10, ಸ್ಟಾಕ್‌ಹೋಮ್. ನೊಬೆಲ್ ಕೊಡುವ ದಿನ. ಡಿಲನ್ ಹೋಗಲಿಲ್ಲ. ಅವನ ಬದಲು ಹಾಡೋಕೆ ನಿಂತವಳು ಪ್ಯಾಟಿ, ತಾನೇ ದೊಡ್ಡ ಹಾಡುಗಾರ್ತಿ, ಬರಹಗಾರ್ತಿ, ಆಗ 70ರ ಹತ್ತಿರ, ಹುಡುಗಿಯಾಗಿದ್ದಾಗಿನಿಂದ ಡಿಲನ್ ಹುಚ್ಚು. ಹಾಡಿದ್ದು ಜೋರು ಮಳೆ ಬರುತ್ತದೆ ಅನ್ನುವ ಉದ್ದನೆ ಹಾಡು. ಎಲ್ಲಿಗೆ ಹೋಗಿದ್ದೆ ಮಗನೇ, ಏನು ನೋಡಿದೆ, ಏನು ಕೇಳಿಸಿಕೊಂಡೆ ಅಂತ ಅಮ್ಮ ಕೇಳುವ ಹಳೇ ಲಾವಣಿಯ ಪ್ರಶ್ನೋತ್ತರದ ಕಟ್ಟು. ಅವಳ ಎದುರಿಗೆ ರಾಜರಾಣಿಯರು, ವಿಜ್ಞಾನಿಗಳು, ಟೀವಿ. ಎರಡನೇ ನುಡಿಯಲ್ಲಿ ಮಾತು ಮರೆತುಹೋಯಿತು. ನಿಂತಳು. ಕ್ಷಮಿಸಿ, ತುಂಬಾ ಗಾಬರಿಯಾಗಿದ್ದೇನೆ ಅಂದಳು. ಆ ಸಾಲಿನಿಂದ ಮತ್ತೆ ಶುರು ಮಾಡಿದಳು. ಸಭೆ ಚಪ್ಪಾಳೆ ತಟ್ಟಿತು. ನೂರಾರು ಸಲ ಮನೆಯಲ್ಲಿ ಹಾಡಿಕೊಂಡ ಹಾಡು ಯಜಮಾನನ ಹೆಸರಿನ ಮುಂದೆ ನಿಂತಾಗ ಬಾಯಿಗೆ ಬರುವುದಿಲ್ಲ, ಇದು ಹಾಡುವ ಅಭಿಮಾನಿಗೆ ಮಾತ್ರ ಆಗುವ ಕಷ್ಟ. ಯೂಟ್ಯೂಬಿನಲ್ಲಿದೆ, ನೋಡಿ. ನಾನು ಒಬ್ಬನೇ ಇದ್ದಾಗ ಮಾತ್ರ ನೋಡುತ್ತೇನೆ.

ಹಾಡು ಬರೆದವನಿಗೆ ಸಾಹಿತ್ಯದ ನೊಬೆಲ್ ಸರಿಯಾ ಅಂತ ಚೀಟಿ ಬಂದಿದೆ. ಈ ಜಗಳ ನನಗೆ ಬೇಡ. ವಚನ, ಕೀರ್ತನೆ, ತತ್ವಪದ ಓದಿಕೊಂಡು ಪಾಸಾದ ಕನ್ನಡದವರು ಇದನ್ನು ಕೇಳಲೇಬಾರದು ಅಂತ ನನ್ನ ಭಾವನೆ. ಡಿಲನ್ ತನ್ನ ನೊಬೆಲ್ ಭಾಷಣದಲ್ಲಿ ಹೇಳಿದ್ದೂ ಅದೇ, ಹಾಡು ಇರುವುದು ಹಾಡೋಕೆ, ಓದೋಕೆ ಅಲ್ಲ ಅಂತ. ಇನ್ನೊಂದು ಚೀಟಿ, ಅವನು ಹಾಡುಗಳ ಹಕ್ಕನ್ನೆಲ್ಲ ದೊಡ್ಡ ಕಂಪನಿಗೆ ಮಾರಿಕೊಂಡನಲ್ಲ, ಅದಕ್ಕೆ ಏನು ಹೇಳುತ್ತೀರಿ? ಮಾರಿದ, 2020ರಲ್ಲಿ. ಗಣಿ ಕೂಲಿ ಮೇಲೆ ಹಾಡಿದವನು ಹೀಗೆ ಮಾಡಬಾರದಿತ್ತು ಅಂತ ನಿಮಗೆ ಅನಿಸಿದರೆ, ನಿಮ್ಮ ಜೊತೆ ಅರ್ಧ ನಾನೂ ಇದ್ದೇನೆ. ಇನ್ನರ್ಧ, ಅವನ ದುಡಿಮೆ, ಅವನ ಇಷ್ಟ.

ನಾನು ಕೇಳಿಕೊಳ್ಳುವುದು ಒಂದು ಕೆಲಸ. ಇಲ್ಲಿ ಹಾಡು ಕಟ್ಟುವವರಿಗೇನೂ ಬರ ಇಲ್ಲ. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಹಾಡು ಕೇಳುತ್ತಾ ಬೆಳೆದ ಊರು ಇದು. ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳೋಕೆ ಹತ್ತಿದವರು ಇಲ್ಲೇ ಅರ್ಧಕ್ಕರ್ಧ ಜನ ಇದ್ದೀರಿ. ಆ ಗಣಿ ಹೆಂಗಸಿನ ಹಾಡಿನ ಮಟ್ಟು ತಗೊಳ್ಳಿ. ಹೇಗೂ ಅವನೂ ಸಾಲ ತಂದೇ ಬೆಳೆದವನು. ಅದಿರು ಇರುವ ಕಡೆ ಚಿನ್ನ ಇಡಿ, ದಕ್ಷಿಣ ಅಮೆರಿಕ ಇರುವ ಕಡೆ ಏನು ಇಡಬೇಕು ಅಂತ ನೀವೇ ಯೋಚನೆ ಮಾಡಿ. ಮಕ್ಕಳು ಊರು ಬಿಟ್ಟು ಹೋದರು ಅಂತ ಮುಗಿಸೋಕೆ ಆಗುವುದಿಲ್ಲ ನಮಗೆ, ಯಾಕಂದರೆ ನಮ್ಮ ಮಕ್ಕಳು ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಆ ಕೊನೇ ನುಡಿ ಹೊಸದಾಗಿ ಬರೆಯಬೇಕು. ಕನ್ನಡದಲ್ಲಾದರೂ ಸರಿ, ತಮಿಳಿನಲ್ಲಾದರೆ ಇನ್ನೂ ಸರಿ, ಆ ಕಷ್ಟ ಪಟ್ಟವರ ಭಾಷೆ ಅದು. ಕೆಜಿಎಫ್‌ನ ಉರಿಗಾಂನಿಂದ ಬಂದ ಇಬ್ಬರು ಹುಡುಗರು ಗಿಟಾರ್ ತಂದಿದ್ದಾರೆ, ಮೂರು ನುಡಿ ಆಗಲೇ ಬರೆದಿದ್ದೇವೆ ಅಂದರು. ರೈಲಿನ ನುಡಿ ಇನ್ನೂ ಕೂತಿಲ್ಲವಂತೆ. ಮೈಕ್ ಅವರಿಗೆ ಕೊಡುತ್ತೇನೆ. ಎಲ್ಲಿ ಕೂತಿಲ್ಲ ಅಂತ ಹಾಡಿ ತೋರಿಸಲಿ, ಇಲ್ಲೇ ಸೇರಿ ಸರಿ ಮಾಡೋಣ.